ಏರ್ ರೈಫಲ್‌ಗೆ ಸ್ಕೋಪು, ಪ್ಯಾಡು, ಪೀಪ್ ಸೈಟು ಜೋಡಿಸುವ ಬಗೆ

ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದು ಮೂರು ದಿನ ಆಗಿತ್ತು. ಗೋಣಿಕೊಪ್ಪದ ಹುಡುಗನೊಬ್ಬ ಗೋಣಿಚೀಲದಲ್ಲಿ ಏರ್ ರೈಫಲ್ ಸುತ್ತಿಕೊಂಡು ನಮ್ಮ ಮನೆಗೆ ಬಂದ. ಹಬ್ಬಕ್ಕೆ ಅವನ ಮಾವ ಕೊಡಿಸಿದ ಹೊಸ ರೈಫಲ್. ಅದಕ್ಕೆ ಗುರಿ ನೋಡುವ ದುರ್ಬೀನಿನಂಥ ಒಂದು ಸ್ಕೋಪು, ಹಿಂಬದಿಗೆ ಒಂದು ರಬ್ಬರ್ ಪ್ಯಾಡು, ಎರಡನ್ನೂ ಬೇರೆ ಕಡೆಯಿಂದ ತರಿಸಿ ತಾನೇ ಕೂರಿಸಿದ್ದ. ಮೇಜಿನ ಮೇಲಿಟ್ಟು ನೋಡಿದೆ. ಸ್ಕೋಪನ್ನು ಹಿಡಿದಿಡುವ ರಿಂಗಿನಲ್ಲಿ ಎರಡು ಸ್ಕ್ರೂಗಳ ತಲೆ ಗುಂಡಗಾಗಿ ಹೋಗಿತ್ತು. ಮೇಲಿನ ಪಟ್ಟಿಯ ಕಪ್ಪು ಬಣ್ಣ ಮೂರು ಕಡೆ ಕೆತ್ತಿತ್ತು. ಪ್ಯಾಡಿನ ಕೆಳಗಿನ ಸ್ಕ್ರೂವಿನಿಂದ ಮರದಲ್ಲಿ ಒಂದು ಬಿರುಕು ಮೇಲಕ್ಕೆ ಹೊರಟಿತ್ತು. ಎಷ್ಟು ಗುಂಡು ಹೊಡೆದಿದ್ದೀಯ ಅಂತ ಕೇಳಿದೆ. ‘ನಲವತ್ತೂ ಆಗಿಲ್ಲ ಅಂಕಲ್’ ಅಂದ.

ಆ ರೈಫಲ್ ಗುಂಡು ಹೊಡೆದು ಹಾಳಾದದ್ದಲ್ಲ, ಒಂದು ಸಂಜೆ ಊಟದ ಮೇಜಿನ ಮೇಲೆ ಹಾಳಾದದ್ದು. ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಇಂಥವೇ. ಮನಸ್ಸಿಗೆ ತುಂಬ ನೋವಾಗುತ್ತದೆ. ಯಾಕೆಂದರೆ ಮಕ್ಕಳು ಆಸೆಯಿಂದ ಮಾಡಿರುತ್ತಾರೆ, ಹೇಳಿಕೊಡುವವರು ಯಾರೂ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೈಸೂರಿನ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ 28 ವರ್ಷ ಕೆಲಸ ಮಾಡಿದವನು. ಈಗ ಪೊನ್ನಂಪೇಟೆ ಹತ್ತಿರ ಹಳೇ ಮನೆಯಲ್ಲಿದ್ದೇನೆ. ಕಾಫಿ ಒಣಗಿಸುವ ಕಣದ ಪಕ್ಕದ ಕೋಣೆಯಲ್ಲಿ ಒಂದು ಬೆಂಚು, ಒಂದು ವೈಸ್ ಇದೆ. ನಮ್ಮ ಮನೆಯಲ್ಲಿ ತಾತನ ಕಾಲದ ಒಂಟಿ ನಳಿಗೆಯ ತೋಕ್, ಅಂದರೆ ಬಂದೂಕು, ಇದೆ. ಕೈಲ್‌ಪೊಳ್ದ್ ದಿನ, ಸೆಪ್ಟೆಂಬರ್ 3ಕ್ಕೆ, ಅದಕ್ಕೆ ತೋಕ್‌ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಒರೆಸುತ್ತೇನೆ, ಎಣ್ಣೆ ಹಚ್ಚುತ್ತೇನೆ, ಅಷ್ಟೇ. ಅದರ ಒಂದು ಸ್ಕ್ರೂ ಕೂಡ ನಾನು ಬಿಚ್ಚುವುದಿಲ್ಲ. ಮದ್ದು ಸಿಡಿಯುವ ಬಂದೂಕಿನ ಕೆಲಸ ಪರವಾನಗಿ ಇರುವ ಬಂದೂಕು ರಿಪೇರಿಯವರದು. ಇಲ್ಲಿ ಹೇಳುವುದೆಲ್ಲ 0.177 ಇಂಚು, ಅಂದರೆ 4.5 ಮಿ.ಮೀ. ನಳಿಗೆಯ ಏರ್ ರೈಫಲ್ ಬಗ್ಗೆ ಮಾತ್ರ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ, 20 ಜೂಲ್ ಶಕ್ತಿ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಮೀರಿದರೆ ಬೇಕು. ‘ಜೋರು ಸ್ಪ್ರಿಂಗ್’ ಅಂತ ಮಾರುವ ಕಿಟ್ ಹಾಕುವ ಮುಂಚೆ ಈ ಲೆಕ್ಕ ನೆನಪಿರಲಿ. ಸಾಮಾನ್ಯ ಗುಂಡಿನ ತೂಕ ಸುಮಾರು 0.53 ಗ್ರಾಂ. ಅದು ಸೆಕೆಂಡಿಗೆ 275 ಮೀಟರ್ ವೇಗ ಮುಟ್ಟಿದರೆ 20 ಜೂಲ್ ಆಗಿಹೋಯಿತು. ಅಂದರೆ ಮನೆಯಲ್ಲಿ ಕೂತು ಒಂದು ಸ್ಪ್ರಿಂಗ್ ಬದಲಿಸಿ, ನಿಮಗೇ ಗೊತ್ತಿಲ್ಲದೆ ಕಾನೂನಿನ ಆಚೆ ಕಾಲಿಡಬಹುದು. 10 ಮೀಟರ್ ಗುರಿಗೆ ಅಷ್ಟು ಶಕ್ತಿ ಬೇಕಾಗಿಯೂ ಇಲ್ಲ. ಒಲಿಂಪಿಕ್ಸಿನ ಏರ್ ರೈಫಲ್‌ಗಳೇ ಅದರ ಅರ್ಧಕ್ಕಿಂತ ಕಡಿಮೆ ಶಕ್ತಿಯವು. ಇನ್ನು ಹಕ್ಕಿ, ಕೆಂಜಳಿಲು ಅಂತ ಹೊಡೆಯುವುದು ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಅದಕ್ಕಾಗಿ ಸ್ಕೋಪು ಹಾಕಿಕೊಡಿ ಅಂತ ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ.

ಮುಟ್ಟುವ ಮೊದಲು

ರೈಫಲ್ ಖಾಲಿ ಇದೆಯಾ ಅಂತ ನೋಡುವುದು ಮೊದಲ ಕೆಲಸ. ನಳಿಗೆ ಮುರಿದು ಲೋಡ್ ಮಾಡುವ ಸ್ಪ್ರಿಂಗ್ ರೈಫಲ್ ಆದರೆ, ನಳಿಗೆಯನ್ನು ಸ್ವಲ್ಪ ಮಾತ್ರ ಬಗ್ಗಿಸಿ ಹಿಂಬದಿಯ ತೂತು ನೋಡಿ. ಪೂರ್ತಿ ಬಗ್ಗಿಸಬೇಡಿ, ಸ್ಪ್ರಿಂಗ್ ಏರಿಬಿಡುತ್ತದೆ. ಸ್ಪ್ರಿಂಗ್ ಏರಿರುವ ರೈಫಲ್ ಮೇಲೆ ಯಾವ ಕೆಲಸವೂ ಬೇಡ. ಏರಿದ್ದರೆ, ಒಂದು ಗುಂಡು ಹಾಕಿ ಹೊರಗೆ ಮಣ್ಣಿನ ದಿಬ್ಬಕ್ಕೆ ಹೊಡೆದು ಒಳಗೆ ತನ್ನಿ. ಗುಂಡಿಲ್ಲದೆ ಟ್ರಿಗರ್ ಒತ್ತಬೇಡಿ. ಸ್ಪ್ರಿಂಗ್ ರೈಫಲ್‌ನಲ್ಲಿ ಗುಂಡು ಮುಂದೆ ಇದ್ದಾಗ ಗಾಳಿ ಒಂದು ದಿಂಬಿನ ಹಾಗೆ ಪಿಸ್ಟನ್ನನ್ನು ತಡೆಯುತ್ತದೆ. ಗುಂಡಿಲ್ಲದಿದ್ದರೆ ಪಿಸ್ಟನ್ ನೇರ ಹೋಗಿ ಕೊನೆಗೆ ಗುದ್ದುತ್ತದೆ. ಸೀಲು ಹರಿಯುತ್ತದೆ, ಸ್ಪ್ರಿಂಗ್ ಬಾಗುತ್ತದೆ.

ಇನ್ನೊಂದು ಮಾತು. ನಳಿಗೆ ಬಗ್ಗಿಸಿ ಹಿಡಿದಾಗ ಇನ್ನೊಂದು ಕೈಯಿಂದ ನಳಿಗೆ ಬಿಡಬಾರದು. ಆ ಹೊತ್ತಲ್ಲಿ ಟ್ರಿಗರ್ ಜಾರಿದರೆ ನಳಿಗೆ ಪಟ್ ಅಂತ ಮುಚ್ಚುತ್ತದೆ. ಬೆರಳು ಅಲ್ಲಿದ್ದರೆ ಬೆರಳು ಹೋಗುತ್ತದೆ. ಇಲ್ಲದಿದ್ದರೂ ನಳಿಗೆ ಮೇಲಕ್ಕೆ ಬಾಗುತ್ತದೆ, ಮರವೂ ಒಡೆಯಬಹುದು. ಸಿಲಿಂಡರಿನಲ್ಲಿ ಗಾಳಿ ತುಂಬುವ ರೈಫಲ್ ಆದರೆ, 200 ಬಾರ್ ಒತ್ತಡ ಅಂದರೆ ಕಾರಿನ ಟೈರಿನ ಒತ್ತಡದ ಸುಮಾರು 90 ಪಟ್ಟು. ಗಾಳಿ ಹಾದುಹೋಗುವ ದಾರಿಯ ಒಂದು ಸ್ಕ್ರೂ ಕೂಡ ಮನೆಯಲ್ಲಿ ಬಿಚ್ಚಬೇಡಿ. ಅಂಥ ಸಿಲಿಂಡರಿನ ಮೇಲೆ ತಯಾರಾದ ತಿಂಗಳು, ವರ್ಷ ಕೆತ್ತಿರುತ್ತದೆ. 10 ವರ್ಷ ದಾಟಿದ್ದರೆ ಸ್ಪರ್ಧೆಗೆ ಬಿಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಅದನ್ನು ಓದಿ.

ಮೇಜು ಮತ್ತು ಉಪಕರಣ

ಒಂದು ಹಳೇ ಟವೆಲ್ ಹಾಸಿ. ಬಿಳಿ ಬಣ್ಣದ್ದಾದರೆ ಒಳ್ಳೆಯದು, ಬಿದ್ದ ಸ್ಕ್ರೂ ಕಾಣುತ್ತದೆ. ಸ್ಕ್ರೂ ಇಡುವುದಕ್ಕೆ ನಾನು ಹಳೇ ಇಡ್ಲಿ ತಟ್ಟೆ ಬಳಸುತ್ತೇನೆ. ಒಂದೊಂದು ಕುಳಿಗೆ ಒಂದೊಂದು ಜಾಗದ ಸ್ಕ್ರೂ. ಮುಂದಿನ ಎರಡು ಇಲ್ಲಿ, ಟ್ರಿಗರ್ ಗಾರ್ಡಿನದು ಅಲ್ಲಿ. ನೋಡಲು ಒಂದೇ ಥರ ಇದ್ದರೂ ಉದ್ದ ಬೇರೆ ಇರುತ್ತದೆ. ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ತುದಿ ಒಳಗೆ ಹೋಗಿ ಚಲಿಸುವ ಭಾಗಕ್ಕೆ ತಾಗುತ್ತದೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ.

ಈಗ ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವ ವಿಷಯ: ಸ್ಕ್ರೂ ಡ್ರೈವರ್ ಮತ್ತು ಅಲೆನ್ ಕೀ (ಸ್ಕ್ರೂ ತಲೆಯ ಆರು ಮೂಲೆಯ ಕುಳಿಗೆ ಹಾಕುವ ಬಾಗಿದ ಕಡ್ಡಿ). ಮನೆಯಲ್ಲಿರುವ ಸಾಮಾನ್ಯ ಚಪ್ಪಟೆ ಸ್ಕ್ರೂ ಡ್ರೈವರಿನ ತುದಿ ಬೆಣೆಯ ಆಕಾರದಲ್ಲಿರುತ್ತದೆ. ಸ್ಕ್ರೂವಿನ ಗಾಡಿ, ಅಂದರೆ ತಲೆಯಲ್ಲಿ ಕೊರೆದ ಸೀಳು, ನೇರವಾಗಿರುತ್ತದೆ. ಬೆಣೆ ಮೇಲಿನ ಅಂಚಿಗೆ ಮಾತ್ರ ತಾಗುತ್ತದೆ, ತಿರುಗಿಸಿದರೆ ಮೇಲಕ್ಕೆ ಜಾರುತ್ತದೆ, ಪಕ್ಕದ ಲೋಹವನ್ನು ಗೀರುತ್ತದೆ. ಬಂದೂಕಿನ ಸ್ಕ್ರೂಗೆ ಎರಡೂ ಬದಿ ಸಮಾನಾಂತರವಾಗಿರುವ ತುದಿ ಬೇಕು. ಸಿಗದಿದ್ದರೆ ಒಂದು ಒಳ್ಳೇ ಬಿಟ್ ತಗೊಂಡು ಅರದಿಂದ ಮೆಲ್ಲಗೆ ಉಜ್ಜಿ, ಗಾಡಿಯ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ಕೂರುವ ಹಾಗೆ ಮಾಡಿಕೊಳ್ಳಿ. ನಾನು ಟೂಲ್‌ರೂಮಿನಲ್ಲಿದ್ದಾಗ ಮಾಡಿಕೊಂಡ ಆರು ಬಿಟ್‌ಗಳು ಈಗಲೂ ಇವೆ.

ಅಲೆನ್ ಕೀಯಲ್ಲಿ ಇನ್ನೊಂದು ಮೋಸ ಇದೆ. ಮಿಲಿಮೀಟರಿನದು, ಇಂಚಿನದು ಎರಡೂ ಪೇಟೆಯಲ್ಲಿವೆ, ನೋಡಲು ಒಂದೇ ಥರ. 2.5 ಮಿ.ಮೀ. ಸ್ಕ್ರೂಗೆ ಇಂಚಿನ 3/32 ಕೀ ಹೋಗುತ್ತದೆ. ಆದರೆ ಅದು 2.38 ಮಿ.ಮೀ. ಇರುತ್ತದೆ. ವ್ಯತ್ಯಾಸ ಕೂದಲೆಳೆಯಷ್ಟೇ. ಬಿಗಿ ಮಾಡುವಾಗ ಏನೂ ಆಗುವುದಿಲ್ಲ. ಬಿಚ್ಚಲು ಹೋದಾಗ ಒಳಗಿನ ಆರು ಮೂಲೆಯೂ ಸವೆದು ಗುಂಡಗಾಗುತ್ತದೆ. ಗೋಣಿಕೊಪ್ಪದ ಹುಡುಗನಿಗೆ ಆದದ್ದು ಇದೇ. ಕೀ ಹಾಕಿದ ಮೇಲೆ ಬೆರಳಲ್ಲಿ ಅಲ್ಲಾಡಿಸಿ ನೋಡಿ. ಆಡಿದರೆ ಅದು ಅದರ ಕೀ ಅಲ್ಲ. ಕೀಯ ತುದಿ ಸವೆದಿದ್ದರೂ ಅಷ್ಟೇ. ತುದಿಯ ಎರಡು ಮಿ.ಮೀ. ಕತ್ತರಿಸಿ ಗ್ರೈಂಡ್ ಮಾಡಿದರೆ ಹೊಸದರ ಹಾಗಾಗುತ್ತದೆ.

ಇಷ್ಟೇ ಬಿಗಿ ಅಂತ ಅಳತೆ ಇಟ್ಟು ತಿರುಗಿಸುವ ಟಾರ್ಕ್ ಸ್ಕ್ರೂ ಡ್ರೈವರ್ ಒಂದಿದ್ದರೆ ತುಂಬ ಒಳ್ಳೆಯದು. ನಾಲ್ಕು ಜನ ಸೇರಿ ಒಂದು ಕೊಂಡರೂ ಸಾಕು, ವರ್ಷಕ್ಕೆ ಎಷ್ಟು ಸಲ ಬೇಕಾಗುತ್ತದೆ ಹೇಳಿ? ಅದು ಇಲ್ಲದಿದ್ದರೆ ಅಲೆನ್ ಕೀಯ ಉದ್ದದ ಕೈಯನ್ನು ಸ್ಕ್ರೂಗೆ ಹಾಕಿ, ಗಿಡ್ಡ ಕೈಯನ್ನು ಹೆಬ್ಬೆರಳು ತೋರುಬೆರಳಲ್ಲಿ ಮಾತ್ರ ಹಿಡಿದು ತಿರುಗಿಸಿ. ಮುಷ್ಟಿ ಕಟ್ಟಿ ಹಿಡಿದಿರಿ ಅಂದರೆ ಜಾಸ್ತಿ ಆಯಿತು ಅಂತಲೇ.

ಸ್ಕೋಪು

ಸ್ಪ್ರಿಂಗ್ ಏರ್ ರೈಫಲ್ ಸಣ್ಣದು, ಸದ್ದೂ ಕಡಿಮೆ, ಹಾಗಾಗಿ ಯಾವ ಸ್ಕೋಪಾದರೂ ನಡೆಯುತ್ತೆ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ದೊಡ್ಡ ಬಂದೂಕಿಗೆ ಹಾಕುತ್ತಿದ್ದ ಒಳ್ಳೇ ಸ್ಕೋಪು ಒಂದು ಸ್ನೇಹಿತನ ಬಳಿ ಇತ್ತು. ಅದನ್ನು ನನ್ನ ರೈಫಲ್‌ಗೆ ಹಾಕಿದೆ. ಎರಡು ಡಬ್ಬಿ ಗುಂಡು ಮುಗಿಯುವುದರೊಳಗೆ ಒಳಗಿನ ಅಡ್ಡಗೆರೆ ಓರೆಯಾಗಿ ತಿರುಗಿ ನಿಂತಿತು. ಕಾರಣ ಆಮೇಲೆ ತಿಳಿಯಿತು. ಮದ್ದಿನ ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ರೈಫಲ್ ಎರಡು ಕಡೆ ಒದೆಯುತ್ತದೆ. ಪಿಸ್ಟನ್ ಮುಂದೆ ಹಾರುವಾಗ ರೈಫಲ್ ಹಿಂದೆ ಬರುತ್ತದೆ. ಪಿಸ್ಟನ್ ಕೊನೆ ಮುಟ್ಟಿ ನಿಂತಾಗ ರೈಫಲ್ ಮುಂದಕ್ಕೆ ಜಿಗಿಯುತ್ತದೆ. ಈ ಎರಡನೇ ಏಟಿಗೆ ದೊಡ್ಡ ಬಂದೂಕಿನ ಸ್ಕೋಪು ತಯಾರಾಗಿರುವುದಿಲ್ಲ. ಹಾಗಾಗಿ ಸ್ಪ್ರಿಂಗ್ ಏರ್‌ಗನ್‌ಗೆ ಆಗುತ್ತದೆ ಅಂತ ಸ್ಪಷ್ಟವಾಗಿ ಬರೆದಿರುವ ಸ್ಕೋಪನ್ನೇ ತಗೊಳ್ಳಿ. ಸ್ನೇಹಿತನಿಗೆ ನಾನು ಹೊಸದು ಕೊಡಿಸಬೇಕಾಯಿತು.

ಇನ್ನೊಂದು ನೋಡಬೇಕಾದ್ದು, ಎಷ್ಟು ಹತ್ತಿರಕ್ಕೆ ಸ್ಪಷ್ಟ ಕಾಣುತ್ತದೆ ಅಂತ. ದೊಡ್ಡ ಬಂದೂಕಿನ ಸ್ಕೋಪುಗಳನ್ನು ಹೆಚ್ಚಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. 10 ಮೀಟರಿನಲ್ಲಿ ಗುರಿ ಮಂಜು ಮಂಜು. ಅದಕ್ಕಿಂತ ಕೆಟ್ಟದ್ದು, ಕಣ್ಣು ಸ್ವಲ್ಪ ಅತ್ತಿತ್ತ ಸರಿದರೆ ಗೆರೆಯೂ ಗುರಿಯ ಮೇಲೆ ಸರಿಯುತ್ತದೆ. ಮುಂದಿನ ಗಾಜಿನ ಬಳಿಯೋ ಪಕ್ಕದಲ್ಲೋ ತಿರುಗಿಸಿ 10 ಮೀಟರಿಗೆ ತರಬಹುದಾದ ಸ್ಕೋಪು ಬೇಕು.

ಮೌಂಟು, ಅಂದರೆ ಸ್ಕೋಪನ್ನು ರೈಫಲ್‌ಗೆ ಹಿಡಿಯುವ ರಿಂಗುಗಳಿರುವ ತುಂಡು. ಅದು ಕಚ್ಚಿಕೊಳ್ಳಲು ಏರ್ ರೈಫಲ್‌ಗಳ ಮೇಲೆ ಸಾಮಾನ್ಯವಾಗಿ ಎರಡು ಉದ್ದ ಗಾಡಿಗಳಿರುತ್ತವೆ. 11 ಮಿ.ಮೀ. ಅಂತ ಕರೆಯುತ್ತಾರೆ, ಆದರೆ ವರ್ನಿಯರ್ ಹಿಡಿದರೆ ಒಂದೊಂದು ರೈಫಲ್‌ನಲ್ಲಿ ಒಂದೊಂದು ಅಳತೆ. 21 ಮಿ.ಮೀ. ಅಗಲದ, ಅಡ್ಡ ಕಚ್ಚುಗಳಿರುವ ಪಟ್ಟಿಯ ಮೌಂಟು ಬೇರೆಯೇ ಜಾತಿ. ಅದನ್ನು ತಂದು ಇದಕ್ಕೆ ಬಲವಂತವಾಗಿ ಕೂರಿಸಬೇಡಿ. ಸ್ಕೋಪಿನ ಕೊಳವೆಯ ವ್ಯಾಸವೂ ನೋಡಿ: 25.4 ಮಿ.ಮೀ. ಅಥವಾ 30 ಮಿ.ಮೀ. ಎರಡು ಬೇರೆ ಬೇರೆ ರಿಂಗಿನ ಬದಲು ಒಂದೇ ತುಂಡಿನ ಮೌಂಟು ಸ್ಪ್ರಿಂಗ್ ರೈಫಲ್‌ಗೆ ಒಳ್ಳೆಯದು. ಹಿಡಿತದ ಉದ್ದ ಜಾಸ್ತಿ, ಜಾರುವುದು ಕಡಿಮೆ.

ಜಾರುವ ಮಾತು ಬಂತಲ್ಲ, ಅದನ್ನು ತಡೆಯುವುದಕ್ಕೆ ಮೌಂಟಿನ ಅಡಿಯಲ್ಲಿ ಒಂದು ಸಣ್ಣ ಪಿನ್ ಇರುತ್ತದೆ. ರೈಫಲ್ ಮೇಲೆ ಅದಕ್ಕೊಂದು ತೂತು ಇದ್ದರೆ ಪಿನ್ ಅದರೊಳಗೆ ಇಳಿಯಬೇಕು. ತೂತು ಇಲ್ಲದಿದ್ದರೆ ಪಿನ್ನನ್ನು ಸುಮ್ನೆ ಬಿಗಿ ಮಾಡಿ ಕೆಳಗೆ ಒತ್ತಬೇಡಿ. ಅದರ ಕೆಳಗೇ ಪಿಸ್ಟನ್ ಓಡುವ ಕೊಳವೆ ಇರುತ್ತದೆ, ಅದರ ಮೇಲೆ ಗುರುತು ಬೀಳುತ್ತದೆ. ಪಿನ್ ಪೂರ್ತಿ ಮೇಲೆತ್ತಿ, ಮೌಂಟಿನ ಹಿಂದೆ ತಡೆಗಟ್ಟೆಯ ಹಾಗೆ ಕೂರುವ ಬೇರೆ ತುಂಡು ಸಿಗುತ್ತದೆ, ಅದನ್ನು ಹಾಕಿ. ತೂತು ಕೊರೆಯುವ ಯೋಚನೆಯಂತೂ ಬೇಡವೇ ಬೇಡ.

ಕೂರಿಸುವ ಕ್ರಮ ಹೀಗೆ. ರೈಫಲ್‌ನ ಗಾಡಿ, ಮೌಂಟಿನ ಹಿಡಿತ, ರಿಂಗಿನ ಒಳಮೈ, ಸ್ಕೋಪಿನ ಕೊಳವೆ ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ಒರೆಸಿ. ಹೊಸ ರೈಫಲ್‌ಗೆ ಕಾರ್ಖಾನೆಯ ಎಣ್ಣೆ ಮೆತ್ತಿರುತ್ತದೆ. ಎಣ್ಣೆ ಮೇಲೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಮೌಂಟನ್ನು ಗಾಡಿಯ ತುದಿಯಿಂದ ಜಾರಿಸಿ ತರುವ ಬದಲು, ಹಿಡಿತವನ್ನು ಪೂರ್ತಿ ಸಡಿಲ ಮಾಡಿ ಮೇಲಿನಿಂದ ಇಳಿಸಿ. ಆ ಹುಡುಗನ ರೈಫಲ್‌ನ ಮೂರು ಗೀರು ಜಾರಿಸಿದ್ದರಿಂದಲೇ ಆದದ್ದು. ಮೌಂಟನ್ನು ಹಿಂದಕ್ಕೆ ಒತ್ತಿ, ಪಿನ್ ತೂತಿನ ಹಿಂದಿನ ಗೋಡೆಗೆ ತಾಗಿಸಿ, ಆಮೇಲೆ ಬಿಗಿ ಮಾಡಿ.

ಸ್ಕೋಪನ್ನು ಕೆಳಗಿನ ಅರ್ಧ ರಿಂಗಿನಲ್ಲಿಟ್ಟು, ಮೇಲಿನ ಅರ್ಧವನ್ನು ಸ್ಕೋಪು ಜಾರಬಹುದು ಅನ್ನುವಷ್ಟು ಮಾತ್ರ ಬಿಗಿಸಿ. ಜೂಮ್ ಇದ್ದರೆ ಅತಿ ಹೆಚ್ಚಿಗೆ ಇಡಿ. ಕಣ್ಣು ಮುಚ್ಚಿ ರೈಫಲ್ ಹೆಗಲಿಗೇರಿಸಿ, ಕೆನ್ನೆ ಸಹಜವಾಗಿ ಇಡಿ, ಆಮೇಲೆ ಕಣ್ಣು ಬಿಡಿ. ಪೂರ್ತಿ ವೃತ್ತ ಕಂಡರೆ ಸರಿ. ಸುತ್ತ ಕಪ್ಪು ನೆರಳು ಬಂದರೆ ಸ್ಕೋಪನ್ನು ಹಿಂದೆ ಮುಂದೆ ಸರಿಸಿ. ಕತ್ತನ್ನು ಸ್ಕೋಪಿಗೆ ಹೊಂದಿಸಬೇಡಿ, ಸ್ಕೋಪನ್ನು ಕತ್ತಿಗೆ ಹೊಂದಿಸಿ. ರಿಂಗು ಮಧ್ಯದ ಗುಬ್ಬಿಗಳಿಗೂ (ಗುರಿ ಹೊಂದಿಸಲು ತಿರುಗಿಸುವ ಗುಂಡಿಗಳು) ಜೂಮ್ ತಿರುಗಿಸುವ ಬಳೆಗೂ ತಾಗಬಾರದು.

ಗೆರೆ ನೇರ ಇದೆಯಾ ಅಂತ ನೋಡಲು ನಾನು ಗಾರೆಯವರ ಉಪಾಯ ಮಾಡುತ್ತೇನೆ. ಅಂಗಳದ ಆಚೆ ಸಿಲ್ವರ್ ಓಕ್ ಮರದ ಕೊಂಬೆಗೆ ಬಿಳಿ ದಾರದಲ್ಲಿ ಒಂದು ಕಲ್ಲು ಕಟ್ಟಿ ಇಳಿಬಿಟ್ಟಿದ್ದೇನೆ. ರೈಫಲ್ ಅಲ್ಲಾಡದ ಹಾಗೆ ಮರಳು ಚೀಲದ ಮೇಲಿಟ್ಟು, ನಿಂತ ಗೆರೆ ಆ ದಾರದ ಮೇಲೆ ಕೂರುವವರೆಗೆ ಸ್ಕೋಪು ತಿರುಗಿಸುತ್ತೇನೆ. ರೈಫಲ್ ಸ್ವತಃ ಮಟ್ಟಸವಾಗಿದೆಯಾ ಅಂತ ಮೊದಲು ಮೌಂಟಿನ ಮೇಲೆ ಸಣ್ಣ ರಸಮಟ್ಟ ಇಟ್ಟು ನೋಡಿಕೊಳ್ಳಬೇಕು.

ಆಮೇಲೆ ಸ್ಕ್ರೂ ಬಿಗಿ. ಕಾರಿನ ಚಕ್ರಕ್ಕೆ ನಟ್ ಹಾಕುವ ಹಾಗೆ ಎದುರು ಬದುರು, ಒಂದೊಂದಕ್ಕೆ ಕಾಲು ಸುತ್ತು. ಒಂದು ಬದಿ ಪೂರ್ತಿ ಬಿಗಿಸಿ ಇನ್ನೊಂದಕ್ಕೆ ಹೋದರೆ ಸ್ಕೋಪು ತಿರುಗಿಬಿಡುತ್ತದೆ. ರಿಂಗಿನ ಎರಡೂ ಬದಿಯ ಸಂದು ಸಮನಾಗಿರಬೇಕು. ಸಂದು ಮುಚ್ಚಿಹೋಗುವವರೆಗೆ ಬಿಗಿಸುವುದಲ್ಲ. ರಿಂಗಿನ ಸ್ಕ್ರೂಗಳಿಗೆ ತಯಾರಕರು ಬೇರೆ ಹೇಳದಿದ್ದರೆ 2 ನ್ಯೂಟನ್ ಮೀಟರ್, ಅಂದರೆ ಸುಮಾರು 18 ಇಂಚು ಪೌಂಡ್ ಸಾಕು. ಸ್ಕೋಪಿನ ಕೊಳವೆ ತೆಳು ಅಲ್ಯುಮಿನಿಯಂ. ಜಾಸ್ತಿ ಬಿಗಿಸಿದರೆ ಅದು ಒಳಕ್ಕೆ ಅಮುಕಿಕೊಳ್ಳುತ್ತದೆ. ಒಳಗಿನ ಭಾಗಗಳು ಸಿಕ್ಕಿಹಾಕಿಕೊಂಡು, ಗುಬ್ಬಿ ತಿರುಗಿಸಿದರೂ ಗೆರೆ ಕದಲುವುದಿಲ್ಲ. ‘ಸ್ಕೋಪೇ ಕೆಟ್ಟಿದೆ’ ಅಂತ ತರುವವರಲ್ಲಿ ಕೆಲವರದು ಇದೇ. ರಿಂಗು ಬಿಚ್ಚಿದರೆ ಕೊಳವೆಯ ಮೇಲೆ ಉಗುರಿಗೆ ಸಿಗುವ ಹಾಗೆ ಬಳೆಯ ಅಚ್ಚು ಬಿದ್ದಿರುತ್ತದೆ.

ಸ್ಕ್ರೂ ಸಡಿಲಾಗದ ಹಾಗೆ ಹಿಡಿಯುವ ಅಂಟು, ಥ್ರೆಡ್‌ಲಾಕರ್, ಹಾಕುವುದಾದರೆ ನೀಲಿಯದು ಮಾತ್ರ, ಮೌಂಟು ರೈಫಲ್‌ಗೆ ಹಿಡಿಯುವ ಸ್ಕ್ರೂಗಳಿಗೆ, ಬೆಂಕಿಕಡ್ಡಿ ತುದಿಯಲ್ಲಿ ಒಂದೇ ಹನಿ. ಕೆಂಪು ಬಣ್ಣದ್ದು ಬಿಸಿ ಮಾಡದೆ ಬಿಡುವುದೇ ಇಲ್ಲ, ಅದನ್ನು ರೈಫಲ್ ಹತ್ತಿರ ತರಬೇಡಿ. ಹಸಿ ಇರುವಾಗ ಥ್ರೆಡ್‌ಲಾಕರ್ ಎಣ್ಣೆಯ ಹಾಗೆ ಜಾರುತ್ತದೆ ಅನ್ನುವುದೂ ನೆನಪಿರಲಿ. ಅದೇ ಟಾರ್ಕಿಗೆ ಸ್ಕ್ರೂ ಇನ್ನೂ ಜಾಸ್ತಿ ಬಿಗಿಯಾಗುತ್ತದೆ. ಸ್ವಲ್ಪ ಕಡಿಮೆ ಮಾಡಿಕೊಳ್ಳಿ.

ಗುರಿ ಹೊಂದಿಸುವ ಲೆಕ್ಕ ಸುಲಭ. ಹೆಚ್ಚಿನ ಸ್ಕೋಪುಗಳ ಗುಬ್ಬಿ ಮೇಲೆ ಕಾಲು ಮಿನಿಟ್ ಅಂತ ಬರೆದಿರುತ್ತದೆ. ಇಲ್ಲಿ ಮಿನಿಟ್ ಅಂದರೆ ಕೋನದ ಅಳತೆ, ಒಂದು ಡಿಗ್ರಿಯ 60ನೇ ಒಂದು ಭಾಗ. ಒಂದು ಕ್ಲಿಕ್ಕಿಗೆ 100 ಮೀಟರಿನಲ್ಲಿ 7 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಸರಿಯುತ್ತದೆ. 10 ಮೀಟರಿನಲ್ಲಿ ಅದರ ಹತ್ತನೇ ಒಂದು ಭಾಗ, 0.7 ಮಿ.ಮೀ. ಮಾತ್ರ. ಮೂರು ಗುಂಡು ಹೊಡೆಯಿರಿ. ಅವುಗಳ ನಡುಮಧ್ಯ 3 ಸೆಂ.ಮೀ. ಕೆಳಗಿದ್ದರೆ ಸುಮಾರು 41 ಕ್ಲಿಕ್ ಮೇಲಕ್ಕೆ. ಎರಡು ಕ್ಲಿಕ್ ತಿರುಗಿಸಿ ‘ಏನೂ ಆಗ್ತಿಲ್ಲ’ ಅನ್ನಬೇಡಿ.

ನಳಿಗೆ ಮುರಿಯುವ ರೈಫಲ್‌ಗಳಲ್ಲಿ ನಳಿಗೆ ಸ್ವಲ್ಪ ಕೆಳಮುಖವಾಗಿರುವುದು ಸಾಮಾನ್ಯ. ಗುಬ್ಬಿಯನ್ನು ಕೊನೆಯವರೆಗೆ ತಿರುಗಿಸಿದರೂ ಗುಂಡು ಕೆಳಗೇ ಬೀಳುತ್ತದೆ. ಕೊನೆಯಲ್ಲಿ ಒಳಗಿನ ಸ್ಪ್ರಿಂಗ್ ಸಡಿಲಾಗಿ, ಗುರಿ ಹೊಡೆತಕ್ಕೊಂದು ಕಡೆ ಹೋಗುತ್ತದೆ. ಆಗ ಹಿಂದಿನ ರಿಂಗಿನ ಕೆಳಗಿನ ಅರ್ಧದಲ್ಲಿ ಕೂಲ್‌ಡ್ರಿಂಕ್ ಕ್ಯಾನಿನಿಂದ ಕತ್ತರಿಸಿದ ಒಂದು ಪಟ್ಟಿ ಇಡಿ. ಅದರ ದಪ್ಪ ಸುಮಾರು 0.1 ಮಿ.ಮೀ. ಎರಡು ರಿಂಗಿನ ನಡುವೆ 100 ಮಿ.ಮೀ. ಇದ್ದರೆ, ಆ ಒಂದು ಪಟ್ಟಿ 10 ಮೀಟರಿನಲ್ಲಿ ಗುಂಡನ್ನು 10 ಮಿ.ಮೀ. ಮೇಲೆತ್ತುತ್ತದೆ. ಅಂಚನ್ನು ಮರಳುಕಾಗದದಲ್ಲಿ ಉಜ್ಜಿ ನುಣುಪು ಮಾಡಿ, ಇಲ್ಲದಿದ್ದರೆ ಕೊಳವೆ ಗೀರುತ್ತದೆ. ಎರಡು ಪಟ್ಟಿಗಿಂತ ಜಾಸ್ತಿ ಬೇಡ, ಕೊಳವೆ ಬಾಗುತ್ತದೆ. ಅದಕ್ಕೂ ಸಾಲದಿದ್ದರೆ ಹಿಂಬದಿ ಎತ್ತರವಿರುವ ಮೌಂಟು ಸಿಗುತ್ತದೆ.

ಮರ ಮತ್ತು ಪ್ಯಾಡು

ಮೊದಲು ಬೇಕಾ ಅಂತ ಕೇಳಿಕೊಳ್ಳಿ. ಏರ್ ರೈಫಲ್‌ನ ಒದೆತ ಹೆಗಲಿಗೆ ನೋವಾಗುವಂಥದ್ದಲ್ಲ. ಪ್ಯಾಡಿನ ಉಪಯೋಗ ಜಾರದಿರುವುದಕ್ಕೆ ಮತ್ತು ಉದ್ದ ಹೊಂದಿಸುವುದಕ್ಕೆ. 25 ಮಿ.ಮೀ. ಪ್ಯಾಡು ಹಾಕಿದರೆ ರೈಫಲ್ ಅಷ್ಟು ಉದ್ದವಾಗುತ್ತದೆ. ಹನ್ನೆರಡು ವರ್ಷದ ಮಗುವಿಗೆ ಅದು ತೊಂದರೆಯೇ. ಮೊಣಕೈ ಮಡಿಸಿ, ರೈಫಲ್‌ನ ಹಿಂಬದಿಯನ್ನು ಮೊಣಕೈ ಸಂದಿಗೆ ಇಟ್ಟು ನೋಡಿ. ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ಮುಟ್ಟಿದರೆ ಉದ್ದ ಸರಿ. ಮಗುವಿಗೆ ಉದ್ದವಾಯಿತು ಅಂತ ಮರ ಕತ್ತರಿಸಬೇಡಿ. ಎರಡು ವರ್ಷದಲ್ಲಿ ಮಗು ಬೆಳೆಯುತ್ತದೆ, ಮರ ಬೆಳೆಯುವುದಿಲ್ಲ. ಎಳೆದು ಹಾಕುವ ರಬ್ಬರ್ ಟೋಪಿಯಂಥ ಪ್ಯಾಡು ಸಾಕಾಗುತ್ತದಾ ನೋಡಿ. ಅದಕ್ಕೆ ಸ್ಕ್ರೂ ಬೇಡ, ಬೇಡದಾಗ ತೆಗೆಯಬಹುದು.

ಸ್ಕ್ರೂ ಹಾಕುವ ಪ್ಯಾಡೇ ಆದರೆ ಕಾಲ ನೋಡಿ. ನಮ್ಮ ಕೊಡಗಿನ ಮಳೆಗಾಲದಲ್ಲಿ ಮರ ನೀರು ಹೀರಿ ಉಬ್ಬಿರುತ್ತದೆ. ಜುಲೈಯಲ್ಲಿ ಅಂಚಿಗೆ ಅಂಚು ಸರಿಯಾಗಿ ಉಜ್ಜಿ ಕೂರಿಸಿದ ಪ್ಯಾಡು ಮಾರ್ಚ್‌ನಲ್ಲಿ ಸುತ್ತಲೂ ಹೊರಗೆ ನಿಂತಿರುತ್ತದೆ. ಬಿಗಿಯಾಗಿದ್ದ ಸ್ಕ್ರೂಗಳೂ ಸಡಿಲ. ನಾನು ಮರದ ಕೆಲಸವನ್ನು ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ ಮಾಡುತ್ತೇನೆ. ಬೇಕು ಬೇಕು ಅಂತ ಮಕ್ಕಳು ಎಷ್ಟು ಗೋಗರೆದರೂ ಸರಿ.

ಬಿರುಕು ಬರುವುದು ತೂತು ಸಣ್ಣದಾದಾಗ. ಗಟ್ಟಿ ಮರಕ್ಕೆ 4 ಮಿ.ಮೀ. ಸ್ಕ್ರೂ ಆದರೆ 3 ಮಿ.ಮೀ. ತೂತು ಮೊದಲೇ ಕೊರೆಯಬೇಕು. ಹುಡುಗ ಮೊಳೆ ಹೊಡೆದು ತೂತು ಮಾಡಿದ್ದ. ಡ್ರಿಲ್ ಬಿಟ್ಟಿಗೆ ಬೇಕಾದ ಆಳದಲ್ಲಿ ಟೇಪ್ ಸುತ್ತಿ, ಅಲ್ಲಿಗೆ ನಿಲ್ಲಿಸಿ. ಮರದ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಕೈ ಜಾರಿದರೂ ಪಾಲಿಶ್ ಉಳಿಯುತ್ತದೆ. ಸ್ಕ್ರೂಗೆ ಮೇಣದಬತ್ತಿ ಉಜ್ಜಿ. ಸೋಪು ಉಜ್ಜುವ ಅಭ್ಯಾಸ ಬೇಡ, ಸೋಪು ತೇವ ಹಿಡಿದು ಸ್ಕ್ರೂವನ್ನು ಮರದೊಳಗೇ ತುಕ್ಕು ಹಿಡಿಸುತ್ತದೆ. ಹಿತ್ತಾಳೆ ಸ್ಕ್ರೂ ಕೊಟ್ಟಿದ್ದರೆ ಅದೇ ಅಳತೆಯ ಉಕ್ಕಿನ ಸ್ಕ್ರೂವನ್ನು ಒಂದು ಸಲ ಹಾಕಿ ತೆಗೆದು ದಾರಿ ಮಾಡಿ. ಇಲ್ಲದಿದ್ದರೆ ಹಿತ್ತಾಳೆ ಅರ್ಧದಲ್ಲಿ ಮುರಿದು ಒಳಗೇ ಉಳಿಯುತ್ತದೆ.

ಈ ಹಂತದಲ್ಲಿ ಇನ್ನೊಂದನ್ನು ನೋಡಿ: ಮರಕ್ಕೂ ಲೋಹಕ್ಕೂ ಇರುವ ದೊಡ್ಡ ಸ್ಕ್ರೂಗಳು, ಮುಂಗೈ ಹಿಡಿಯುವ ಕಡೆ ಎರಡು, ಟ್ರಿಗರ್ ಹತ್ತಿರ ಒಂದೋ ಎರಡೋ. ಸ್ಪ್ರಿಂಗ್ ರೈಫಲ್‌ನ ನಡುಕಕ್ಕೆ ಇವು ಮೆಲ್ಲಗೆ ಸಡಿಲಾಗುತ್ತವೆ. ಗುರಿ ತಪ್ಪುತ್ತಿದೆ ಅಂತ ಹೊಸ ಸ್ಕೋಪು ಕೊಳ್ಳುವ ಮುಂಚೆ ಇವನ್ನು ಮುಟ್ಟಿ ನೋಡಿ. ಹತ್ತು ರೂಪಾಯಿಯ ಹಲ್ಲಿನ ವಾಷರ್ ಹಾಕಿದರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಪೀಪ್ ಸೈಟು

ಪೀಪ್ ಸೈಟು ಅಂದರೆ ಸಣ್ಣ ತೂತಿನ ಮೂಲಕ ಗುರಿ ನೋಡಲು ಹಿಂಬದಿಯಲ್ಲಿ ಕೂರಿಸುವ ಸಾಧನ. ಸ್ಪರ್ಧೆಗೆ ಹೋಗುವ ಮಕ್ಕಳು ಕೊಳ್ಳುವ ಮುಂಚೆ ತಮ್ಮ ವಿಭಾಗದ ನಿಯಮ ಓದಲಿ. ಶಾಲಾ ಮಟ್ಟದ ಸ್ಪರ್ಧೆಗಳಲ್ಲಿ ಓಪನ್ ಸೈಟ್ (ತೂತಿನ ಬದಲು ತೆರೆದ ಕಚ್ಚು ಇರುವುದು), ಪೀಪ್ ಸೈಟ್ ಅಂತ ಬೇರೆ ಬೇರೆ ವಿಭಾಗ ಇರುತ್ತದೆ. ಪೀಪ್ ಹಾಕಿದ ರೈಫಲ್‌ನಲ್ಲಿ ಓಪನ್ ಸೈಟಿಗೆ ನಿಲ್ಲಲು ಬಿಡುವುದಿಲ್ಲ. ಅಂತರರಾಷ್ಟ್ರೀಯ ನಿಯಮದ 10 ಮೀಟರ್ ಏರ್ ರೈಫಲ್‌ನಲ್ಲಿ ದುರ್ಬೀನಿನಂಥ ಸ್ಕೋಪು ಇಲ್ಲವೇ ಇಲ್ಲ. ತೂಕ 5.5 ಕೆ.ಜಿ. ಮೀರಬಾರದು. ನಳಿಗೆಗೆ ತೂಕದ ಬಳೆ, ಕೆನ್ನೆಗೆ ಹೊಸ ಪಟ್ಟಿ ಅಂತ ಸೇರಿಸುತ್ತಾ ಹೋದವರು ತಕ್ಕಡಿಗೆ ಇಟ್ಟು ನೋಡಲಿ.

ಕೂರಿಸುವುದು ಸ್ಕೋಪಿನಷ್ಟು ಕಷ್ಟವಲ್ಲ, ಹಿಡಿತ ಒಂದೇ. ಒರೆಸಿ, ಇಳಿಸಿ, ಬಿಗಿಸಿ. ಆದರೆ ಕೂರಿಸಿದ ಜಾಗವನ್ನು ಬರೆದಿಡಬೇಕು. ಪಟ್ಟಿಯ ಹಿಂತುದಿಯಿಂದ ಸೈಟಿನವರೆಗೆ ಎಷ್ಟು ಮಿ.ಮೀ., ಎರಡೂ ಗುಬ್ಬಿ ಒಂದು ಕೊನೆಯಿಂದ ಎಷ್ಟು ಕ್ಲಿಕ್. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಎಲ್ಲರಿಗೂ ಗೊತ್ತು. ಆ ಫೈನಲ್ ಶುರುವಾಗುವ ಮುಂಚೆ ಪ್ರಯೋಗಕ್ಕೆ ಹೊಡೆದ ಮೊದಲ ಗುಂಡು ನಡುವಿನಿಂದ ತೀರ ದೂರ ಹೋಗಿತ್ತು. ಸೈಟು ಜಾಗ ಬಿಟ್ಟಿತ್ತು. ಕೆಲವೇ ನಿಮಿಷದಲ್ಲಿ ಸರಿಪಡಿಸಿಕೊಂಡು ಆಡಿದರು. ಹತ್ತು ಅಂಕದ ಗುರಿ ಅರ್ಧ ಮಿ.ಮೀ. ಚುಕ್ಕಿ. ಅಂಥವರಿಗೇ ಹೀಗಾಗಬಹುದಾದರೆ, ಬಸ್ಸಿನಲ್ಲಿ ಪೆಟ್ಟಿಗೆ ಹಾಕಿಕೊಂಡು ಮಡಿಕೇರಿಯಿಂದ ಬೆಂಗಳೂರಿಗೆ ಹೋಗುವ ನಮ್ಮ ಮಕ್ಕಳ ಸೈಟು ಕದಲದೆ ಇರುತ್ತದಾ? ನೋಟ್‌ಬುಕ್ಕಿನಲ್ಲಿ ಬರೆದಿದ್ದರೆ ಐದು ನಿಮಿಷದಲ್ಲಿ ಮೊದಲ ಜಾಗಕ್ಕೆ ತರಬಹುದು.

ನಾನು ಮುಟ್ಟದ ಕೆಲಸಗಳು

ಟ್ರಿಗರಿನ ಕಚ್ಚನ್ನು ಉಜ್ಜಿ ಹಗುರ ಮಾಡಿಕೊಡಿ ಅಂತ ಕೇಳುತ್ತಾರೆ. ಮಾಡುವುದಿಲ್ಲ. ಆ ಎರಡು ಉಕ್ಕಿನ ಅಂಚುಗಳು ಒಂದನ್ನೊಂದು ಹಿಡಿದಿರುವುದು ಮಿಲಿಮೀಟರಿನ ಒಂದು ಭಾಗದಲ್ಲಿ. ಮೇಲಿನ ಗಟ್ಟಿ ಪದರ ಉಜ್ಜಿ ಹೋದರೆ, ಇವತ್ತು ಚೆನ್ನಾಗಿರುತ್ತದೆ, ಆರು ತಿಂಗಳಲ್ಲಿ ಸವೆದು ನೆಲಕ್ಕೆ ಕುಟ್ಟಿದರೂ ಸಿಡಿಯುತ್ತದೆ. ತಯಾರಕರು ಹೊಂದಿಸಲು ಕೊಟ್ಟಿರುವ ಸ್ಕ್ರೂವನ್ನು, ಅವರ ಪುಸ್ತಕದಲ್ಲಿ ಹೇಳಿದಷ್ಟು ಮಾತ್ರ ತಿರುಗಿಸಿ. ಆಮೇಲೆ ಗುಂಡಿಲ್ಲದೆ, ಸ್ಪ್ರಿಂಗ್ ಏರಿಸಿ, ಸೇಫ್ಟಿ ಹಾಕಿ, ನಳಿಗೆ ಮಣ್ಣಿನ ದಿಬ್ಬದ ಕಡೆ ಇಟ್ಟು, ರಬ್ಬರ್ ಸುತ್ತಿಗೆಯಿಂದ ಮರದ ಹಿಂಬದಿಗೆ ಮೆಲ್ಲಗೆ ತಟ್ಟಿ. ಸೇಫ್ಟಿ ತೆಗೆದೂ ಒಮ್ಮೆ ತಟ್ಟಿ. ಬಿಟ್ಟುಕೊಂಡರೆ ಸ್ಕ್ರೂ ಹಿಂದಕ್ಕೆ ತನ್ನಿ.

ಒಳಗಿನ ದೊಡ್ಡ ಸ್ಪ್ರಿಂಗನ್ನೂ ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚಬಾರದು. ರೈಫಲ್ ಸುಮ್ಮನಿದ್ದಾಗಲೂ ಅದು ಒತ್ತಿಕೊಂಡೇ ಇರುತ್ತದೆ. ಕೊನೆಯ ಪಿನ್ ತೆಗೆದಾಗ ಹಿಂಬದಿಯ ಕಬ್ಬಿಣದ ತುಂಡು ಹಾರಿ ಬರುತ್ತದೆ. ಎದುರಿಗೆ ಮುಖ ಇದ್ದರೆ ಮುಗಿಯಿತು. ಇನ್ನು ನಳಿಗೆ ಮೊಟಕು ಮಾಡುವ ಮಾತು ಮದ್ದಿನ ಬಂದೂಕಿಗೆ ಯಾರಾದರೂ ಕೇಳಿದರೆ, ಲೈಸೆನ್ಸ್ ಇಲ್ಲದೆ ಹಾಗೆ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ ಅಂತ ಹೇಳಿ ಕಳಿಸುತ್ತೇನೆ.

ಎಣ್ಣೆಯ ಬಗ್ಗೆ ಎರಡು ಮಾತು. ಗಾಳಿ ಹೋಗುವ ತೂತಿಗೆ ಹೊಲಿಗೆ ಮೆಷಿನ್ ಎಣ್ಣೆ, ಎಂಜಿನ್ ಎಣ್ಣೆ ಬಿಡಬೇಡಿ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಡೀಸೆಲ್ ಎಂಜಿನ್ನಿನ ಹಾಗೆ ಎಣ್ಣೆ ಹೊತ್ತಿಕೊಂಡು ಢಮ್ ಅನ್ನುತ್ತದೆ. ಮಕ್ಕಳಿಗೆ ಆ ಸದ್ದು ಖುಷಿ, ಸೀಲಿಗೆ ಸಾವು. ಕೊಬ್ಬರಿ ಎಣ್ಣೆ ನಮ್ಮ ಕಡೆ ಎಲ್ಲದಕ್ಕೂ ಹಚ್ಚುತ್ತಾರೆ. 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಗ್ಗೆ ಬಚ್ಚಲಲ್ಲಿ ಸೀಸೆ ನೋಡಿಲ್ಲವಾ? ಟ್ರಿಗರಿನ ಒಳಗೂ ಹಾಗೇ ಹೆಪ್ಪುಗಟ್ಟುತ್ತದೆ. ಹೊರಮೈಗೆ ತೆಳು ಬಂದೂಕು ಎಣ್ಣೆಯನ್ನು ಬಟ್ಟೆಗೆ ಹಾಕಿ ಒರೆಸಿದರೆ ಸಾಕು.

ಜೋಡಿಸಿದ ಮೇಲೆ

ಎಲ್ಲ ಬಿಗಿಸಿದ ಮೇಲೆ ಪ್ರತಿ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹಕ್ಕೆ ಉಗುರುಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯುತ್ತೇನೆ. ಮೌಂಟಿನ ಹಿಂತುದಿಯಲ್ಲೂ ಒಂದು. ಸ್ಕ್ರೂ ತಿರುಗಿದರೆ, ಮೌಂಟು ಜಾರಿದರೆ ಗೆರೆ ಮುರಿದು ಕಾಣುತ್ತದೆ. ಮೊದಲ 30 ಗುಂಡು ಆದ ಮೇಲೆ ಒಮ್ಮೆ, 100 ಆದ ಮೇಲೆ ಒಮ್ಮೆ ನೋಡಿ. ಸ್ವಲ್ಪ ಕೂರುವುದು ಸಹಜ, ಒಂದು ಸಲ ಬಿಗಿ ಕೊಡಬೇಕಾಗಬಹುದು. ಎರಡನೇ ಸಲವೂ ಜಾರಿದರೆ ಇನ್ನಷ್ಟು ಬಿಗಿ ಮಾಡುವುದು ಉತ್ತರವಲ್ಲ. ಬಿಚ್ಚಿ, ಎಣ್ಣೆ ಉಳಿದಿದೆಯಾ, ಮೌಂಟಿನ ಅಳತೆ ಸರಿ ಇದೆಯಾ ನೋಡಿ.

ಗೋಣಿಕೊಪ್ಪದ ಹುಡುಗನ ರೈಫಲ್ ಸರಿಮಾಡಲು ಎರಡು ದಿನ ಬೇಕಾಯಿತು. ಸ್ಕ್ರೂಗಳಿಗೆ ಅವನು ಕೆಂಪು ಥ್ರೆಡ್‌ಲಾಕರ್ ಹಾಕಿದ್ದ. ಸ್ಕೋಪು ಅಲ್ಲೇ ಇದ್ದುದರಿಂದ ಬೆಂಕಿ ತೋರಿಸುವ ಹಾಗಿರಲಿಲ್ಲ. ಸೋಲ್ಡರಿಂಗ್ ಕಬ್ಬಿಣದ ತುದಿಯನ್ನು ಸ್ಕ್ರೂ ತಲೆಯ ಮೇಲೆ ಎರಡೆರಡು ನಿಮಿಷ ಒತ್ತಿ ಹಿಡಿದು ಬಿಸಿ ಮಾಡಿದೆ. ಒಂದು ಸ್ಕ್ರೂ ಬಿಸಿಯಿದ್ದಾಗಲೇ ಬಂತು. ಇನ್ನೊಂದಕ್ಕೆ ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಬೇಕಾಯಿತು. ಮರದ ಬಿರುಕಿಗೆ ತೆಳು ಅಂಟು ಇಳಿಸಿ ಒಂದು ರಾತ್ರಿ ಬಿಗಿದು ಕಟ್ಟಿ ಇಟ್ಟೆ. ಪ್ಯಾಡನ್ನು ಮತ್ತೆ ಹಾಕಲಿಲ್ಲ, ಜನವರಿಗೆ ಬಾ ಅಂದೆ. ಮೇಲಿನ ಪಟ್ಟಿಯ ಮೂರು ಗೀರು ಹಾಗೇ ಇವೆ, ಅದಕ್ಕೆ ಏನೂ ಮಾಡಲಾಗಲಿಲ್ಲ. ಎರಡನೇ ದಿನ ಮಧ್ಯಾಹ್ನ ಹೊಸ ಸ್ಕ್ರೂಗಳನ್ನು ಅವನ ಕೈಯಲ್ಲೇ ಹಾಕಿಸಿದೆ. ಕಾಲು ಸುತ್ತು, ಎದುರು ಬದುರು, ಎರಡೇ ಬೆರಳಲ್ಲಿ. ‘ಇಷ್ಟೇ ಸಾಕಾ ಅಂಕಲ್?’ ಅಂತ ಮೂರು ಸಲ ಕೇಳಿದ. ಸಾಕು ಅಂದೆ. ಕಣದ ಆಚೆ 10 ಮೀಟರ್ ಅಳೆದು ಕಾಗದ ಕಟ್ಟಿದೆವು. 30 ಗುಂಡು ಆದ ಮೇಲೆ ಅವನೇ ಬಗ್ಗಿ ಉಗುರುಬಣ್ಣದ ಗೆರೆಗಳನ್ನು ಒಂದೊಂದಾಗಿ ನೋಡಿದ. ಒಂದೂ ಮುರಿದಿರಲಿಲ್ಲ.